ಕಾಳಜಿ ಸಪ್ತಾಹ

ಫೆಬ್ರವರಿ 3

ತಮ್ಮಾ,

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಅಂದುಕೊಳ್ಳುತ್ತೀಯ. ಫೋನಿನಲ್ಲಿ ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನಿನಗೆ ಇನ್ನೊಂದು ಕರೆ ಬಂದಿರುತ್ತದೆ. "ಅಕ್ಕಾ, ಆಮೇಲೆ ಮಾಡ್ತೀನಿ" ಎನ್ನುತ್ತೀಯ. ಆ ಆಮೇಲೆ ಯಾವತ್ತೂ ಬರುವುದಿಲ್ಲ. ಪತ್ರದ ಮಧ್ಯೆ ಬಾಯಿ ಹಾಕಲು ನಿನಗಾಗದು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ದೊಡ್ಡ ಕಚೇರಿಯಿಂದ ಕಳಿಸಿದ ಕಾಳಜಿ ಸಪ್ತಾಹ ನಿನ್ನೆಗೆ ಮುಗಿಯಿತು. ಹೇಗಾಯಿತು ಎಂದು ನಿನಗೆ ಫೋಟೋಗಳು ಬಂದಿರುತ್ತವೆ. ಫೋಟೋದಲ್ಲಿ ಕಾಣದ್ದನ್ನು ನಾನು ಹೇಳುತ್ತೇನೆ.

"ನಾವೆಲ್ಲ ಒಂದೇ ಕುಟುಂಬ" ಎಂದು ಬರೆದ ಬ್ಯಾನರು ಬಂತಲ್ಲ, ಅದನ್ನು ಕಟ್ಟಲು ನಮ್ಮ ಇಸ್ತ್ರಿ ಕೋಣೆಯಲ್ಲಿ ಎಲ್ಲೂ ಜಾಗವಿರಲಿಲ್ಲ. ನಮ್ಮ ಘಟಕ ನೋಡಿಕೊಳ್ಳುವ ನಿನ್ನ ಚಿಕ್ಕ ಸಾಹೇಬ ನಿಂತು ನೋಡಿ, ಇದ್ದ ಒಂದೇ ಒಂದು ಕಿಟಕಿಗೆ ಅಡ್ಡಲಾಗಿ ಕಟ್ಟಿಸಿದ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದು ಒದ್ದೆಯಾಗಿಯೇ ಬಿಸಿ ರೋಲರಿಗೆ ಕೊಡುವ ಕೋಣೆ ಅದು. ಒಂದೊಂದು ಬಟ್ಟೆ ಒಳಗೆ ಹೋದಾಗಲೂ ಹಬೆ ಮುಖಕ್ಕೆ ಹೊಡೆಯುತ್ತದೆ. ನಿನಗೆ ಇದನ್ನು ವಿವರಿಸಬೇಕಾಗಿ ಬಂತಲ್ಲ. ಇದೇ ಕೋಣೆಗೆ ಬಟ್ಟೆಯ ಗಾಡಿ ತಳ್ಳಿಕೊಂಡು ಬರುತ್ತಿದ್ದವನು ನೀನು. ಹೆಂಗಸರು ಈಗಲೂ ನಿನ್ನನ್ನು 'ಗಾಡಿ ತಮ್ಮ' ಎಂದೇ ಕರೆಯುವುದು.

ಆಮೇಲೆ ಉಸಿರಾಟ ಕಲಿಸುವ ಮೇಡಂ ಬಂದರು. ರೋಲರ್ ನಿಲ್ಲಿಸಲಿಲ್ಲ, ಸರದಿಯ ಮೇಲೆ ನಮ್ಮನ್ನು ಸಾಲಾಗಿ ನಿಲ್ಲಿಸಿದರು. "ಕಣ್ಣು ಮುಚ್ಚಿ. ದೀರ್ಘವಾಗಿ ಉಸಿರು ಎಳ್ಕೊಳ್ಳಿ. ಎದೆ ತುಂಬಾ ತಂಗಾಳಿ ತುಂಬ್ತಿದೆ ಅಂದ್ಕೊಳ್ಳಿ" ಎಂದರು. ನಮ್ಮ ಗುಬ್ಬಿ ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಅಂದ್ಕೊಂಡ್ರೆ ಸಾಕಾ ಮೇಡಂ, ಇಲ್ಲಾ ಗಾಳಿನೂ ಬರುತ್ತಾ?" ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ ಮೇಡಂಗೇ ತಲೆ ಸುತ್ತಿ, ಬಾಯ್ಲರ್ ಮಾಮ ಕುರ್ಚಿ ತಂದು ಹೊರಗೆ ಕೂರಿಸಿ ನೀರು ಕೊಡಬೇಕಾಯಿತು. ಆ ಫೋಟೋ ನಿನಗೆ ಬಂದಿರಲಿಕ್ಕಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದರಂತೆ. ನಮಗೆ ಬೇಕಾಗಿರುವುದು ಎರಡೇ. ಹಬೆ ಎಳೆಯುವ ದೊಡ್ಡ ಫ್ಯಾನು ಕೆಟ್ಟು ಎಷ್ಟೋ ಕಾಲವಾಯಿತು, ಅದು ತಿರುಗಬೇಕು. ಎರಡನೇ ರೋಲರಿನ ಮುಂದಿನ ತಡೆಕಂಬಿ ಸರಿಯಾಗಬೇಕು. ಬೆರಳು ತಾಗಿದರೆ ಯಂತ್ರ ತಾನಾಗಿ ನಿಲ್ಲಬೇಕಾದ ಕಂಬಿ ಅದು. ಈಗ ಅದನ್ನು ತಂತಿ ಸುತ್ತಿ ನಿಲ್ಲಿಸಿದ್ದಾರೆ, ಬರೀ ನೋಡಲು ಕಂಬಿ. ಹಿಂದೆಯೂ ಕೇಳಿದ್ದೇನೆ. ಈಗ ಮತ್ತೆ ಕೇಳುತ್ತಿದ್ದೇನೆ.

ಅಕ್ಕ


ಫೆಬ್ರವರಿ 14

ಅಕ್ಕಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಬೇಸರ ಹೆಚ್ಚೇ ಆಯಿತು.

ಆ ಸಪ್ತಾಹಕ್ಕೆ ಒಪ್ಪಿಗೆ ಪಡೆಯಲು ನಾನು ಇಲ್ಲಿ ಯಾರ ಯಾರ ಕಾಲು ಹಿಡಿದೆ ಎಂದು ನಿನಗೆ ಗೊತ್ತಿಲ್ಲ. "ಬಟ್ಟೆ ಒಗೆಯೋರಿಗೆ ಇದೆಲ್ಲ ಯಾಕ್ರಿ?" ಎಂದವರ ಮುಂದೆ ಕೂತು ವಾದಿಸಿದವನು ನಾನು. ನನ್ನ ಕೈಕೆಳಗಿರುವ ಎಲ್ಲ ಘಟಕಗಳ ಪ್ರತಿಯೊಬ್ಬರ ಹುಟ್ಟುಹಬ್ಬಕ್ಕೂ ನಾನೇ ಕೈಯಾರೆ ಶುಭಾಶಯ ಬರೆದು ಕಳಿಸುತ್ತೇನೆ. ಸಹಿಯನ್ನು ಮುದ್ರಿಸಿಬಿಡಿ ಎಂದು ನನ್ನ ಸಹಾಯಕಿ ಹೇಳಿದರೂ ಒಪ್ಪಲಿಲ್ಲ. ಬೇರೆ ಯಾವ ಮ್ಯಾನೇಜರ್ ಹೀಗೆ ಮಾಡುತ್ತಾನೆ, ಹೇಳು.

ಫ್ಯಾನು, ಕಂಬಿ ಎರಡೂ ಮುಂದಿನ ವರ್ಷದ ಯೋಜನೆಯಲ್ಲಿ ಸೇರಿವೆ. ಅದಕ್ಕೊಂದು ಕ್ರಮವಿದೆ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ಹೋದ ವರ್ಷ ಚಿಕ್ಕ ಸಾಹೇಬರ ಹುದ್ದೆ ನಿನಗೆ ಸಿಗಬಹುದಿತ್ತು, ಸಿಗಲಿಲ್ಲ. ಆ ನೋವು ಇನ್ನೂ ಇದೆಯೇ? ಇದ್ದರೆ ನೇರವಾಗಿ ಹೇಳು. ಅದನ್ನು ಫ್ಯಾನಿನ ಮೇಲೆ ಹಾಕಬೇಡ.

ಸೆಖೆ ಎಂದು ಬರೆದಿದ್ದಕ್ಕೆ ನಿನಗೊಂದು ಮೇಜಿನ ಫ್ಯಾನು ಕಳಿಸಿದ್ದೇನೆ. ನನ್ನ ಸ್ವಂತ ದುಡ್ಡಿನದು. ಪಾಳಿ ಮುಗಿಸಿ ಬಂದ ಮೇಲೆ ಮನೆಯಲ್ಲಾದರೂ ಆರಾಮಾಗಿ ಕೂತುಕೋ.

ನಿನ್ನ ತಮ್ಮ


ಫೆಬ್ರವರಿ 22

ತಮ್ಮಾ,

ಫ್ಯಾನು ತಲುಪಿತು. ಮನೆಯಲ್ಲಿ ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ, ಇಸ್ತ್ರಿ ಕೋಣೆಗೆ ಒಯ್ದೆ. ಅರ್ಧ ಪಾಳಿ ತಿರುಗಿತು. ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಬಂದು ಅದರ ಮುಂದೆ ಕುತ್ತಿಗೆ ಒಡ್ಡಿ ನಿಂತು ಹೋದರು. ಆಮೇಲೆ ಚಿಕ್ಕ ಸಾಹೇಬ ಬಂದು, "ಸ್ವಂತದ ಕರೆಂಟ್ ಸಾಮಾನು ಒಳಗೆ ತರೋ ಹಾಗಿಲ್ಲ, ಸುರಕ್ಷತೆ ನಿಯಮ" ಎಂದು ಪ್ಲಗ್ ಕಿತ್ತ. ಸುರಕ್ಷತೆ ಎನ್ನುವಾಗ ಅವನ ಮೊಣಕೈ ಆ ತಂತಿ ಸುತ್ತಿದ ಕಂಬಿಯ ಮೇಲೇ ಇತ್ತು. ರೋಲರ್ ನಿಲ್ಲಲಿಲ್ಲ.

ಹುದ್ದೆಯ ವಿಷಯ ಕೇಳಿದ್ದೀಯ. ಆ ಹುದ್ದೆ ನನಗೆ ಬೇಕಿತ್ತು. ಸಿಗದೆ ಹೋದದ್ದಕ್ಕೆ ಒಂದು ವಾರ ಸಿಟ್ಟಿತ್ತು, ಹೋಯಿತು. ಈಗಿನ ಸಿಟ್ಟೇ ಬೇರೆ. ನಾನು ಹತ್ತು ಹೆಂಗಸರ ಉಸಿರಿನ ಮಾತಾಡಿದರೆ ನಿನಗೆ ಅಕ್ಕನ ಹೊಟ್ಟೆಯುರಿ ಕಾಣುತ್ತದೆ. ಕೇಳಿದ್ದು ಎಲ್ಲರಿಗೂ, ಕಳಿಸಿದ್ದು ನನಗೊಬ್ಬಳಿಗೆ. ಇದನ್ನು ಕಾಳಜಿ ಎನ್ನುವುದಿಲ್ಲ, ಬಾಯಿ ಮುಚ್ಚಿಸುವುದು ಎನ್ನುತ್ತಾರೆ.

ನಿನ್ನ ಶುಭಾಶಯಗಳ ಮಾತಿಗೆ ಬರುತ್ತೇನೆ. ಬರೆಯಬಾರದು ಅಂದುಕೊಂಡಿದ್ದೆ. ನೀನು ಎದೆ ತಟ್ಟಿಕೊಂಡಿದ್ದರಿಂದ ಬರೆಯುತ್ತೇನೆ. ಮೊನ್ನೆ ಬಂದ ಕಟ್ಟಿನಲ್ಲಿ ಬಟ್ಟೆ ಮಡಚುವ ಮೇಜಿನ ದೊಡ್ಡಮ್ಮನ ಹೆಸರಿಗೂ ಒಂದು ಕಾರ್ಡಿತ್ತು. "ನಿಮ್ಮ ನಗು ಹೀಗೇ ಇರಲಿ" ಎಂದು ನಿನ್ನದೇ ಅಕ್ಷರ. ದೊಡ್ಡಮ್ಮ ಹೋದ ವರ್ಷ ತೀರಿಕೊಂಡರು. ಆ ಸುದ್ದಿ ನಿನಗೆ ನಾನೇ ಹೇಳಿದ್ದೆ, ನೀನು "ಛೇ, ಪಾಪ" ಎಂದಿದ್ದೆ. ಅವರ ಮಗಳು ಈಗ ಅದೇ ಮೇಜಿನಲ್ಲಿ ಬಟ್ಟೆ ಮಡಚುತ್ತಾಳೆ. ಕಾರ್ಡು ಹಂಚುವವನು ಅದನ್ನು ಅವಳ ಕೈಗೇ ಕೊಟ್ಟ. ಅವಳು ಓದಿ, ಮಡಚಿದ ದಿಂಬಿನ ಚೀಲಗಳ ಮಧ್ಯೆ ಇಟ್ಟು ಕಟ್ಟಿಬಿಟ್ಟಳು. ಈಗ ಅದು ಯಾವ ಆಸ್ಪತ್ರೆಯ ಯಾವ ಹಾಸಿಗೆಗೆ ಹೋಗಿದೆಯೋ.

ಕಂಬಿ ಸರಿ ಮಾಡಿಸು.

ಅಕ್ಕ


ಮಾರ್ಚ್ 1

ಅಕ್ಕಾ,

ದೊಡ್ಡಮ್ಮನ ವಿಷಯದಲ್ಲಿ ತಪ್ಪಾಯಿತು.

ಆದರೆ ಅಕ್ಕಾ, ಎಲ್ಲದಕ್ಕೂ ನನ್ನ ಕಡೆಗೇ ಬೆರಳು ತೋರಿಸುತ್ತೀಯಲ್ಲ, ನೀನೂ ಒಂದು ವಿಭಾಗದ ಮೇಲ್ವಿಚಾರಕಿ. ಯಂತ್ರ ಅಷ್ಟು ಅಪಾಯ ಎನಿಸಿದರೆ ನಿಲ್ಲಿಸುವ ಕೆಂಪು ಗುಂಡಿ ನಿನ್ನ ಮೇಜಿನ ಪಕ್ಕದಲ್ಲೇ ಇದೆ. ನಿನ್ನನ್ನು ಯಾರು ಹಿಡಿದುಕೊಂಡಿದ್ದಾರೆ?

ಇಲ್ಲಿ ನನ್ನ ತಲೆಯ ಮೇಲೂ ಒಬ್ಬರಿದ್ದಾರೆ. ದೊಡ್ಡ ಸಾಹೇಬರು ಹೊಸ ಆಸ್ಪತ್ರೆಯ ಕೆಲಸ ಹಿಡಿದಿದ್ದಾರೆ, ನಿಮ್ಮ ಘಟಕಕ್ಕೆ ಬಟ್ಟೆ ಹೆಚ್ಚು ಬರಬಹುದು. ಸ್ವಲ್ಪ ದಿನ ಹೊಂದಿಸಿಕೊಂಡು ಹೋಗಿ.

ತಿಂಗಳ ಕೊನೆಗೆ ನಾನೇ ಬರುತ್ತೇನೆ. ಒಂದು ಇಡೀ ಪಾಳಿ ನಿಮ್ಮ ಜೊತೆ ನಿಂತು ರೋಲರಿಗೆ ಬಟ್ಟೆ ಕೊಡುತ್ತೇನೆ. ಸಂಸ್ಥೆಯ ಪತ್ರಿಕೆಯವರೂ ಬರುತ್ತಾರೆ. ನಾನು ಮೇಲೆ ಬಂದ ದಾರಿ ಮರೆತಿಲ್ಲ ಎಂದು ನಿನಗೂ ಗೊತ್ತಾಗಲಿ.

ತಮ್ಮ


ಮಾರ್ಚ್ 19

ತಮ್ಮಾ,

ನೀನು ಬರುವುದು ಬೇಡ.

ನಿನ್ನ ಪತ್ರ ತಲುಪಿದ ಮಾರನೆಯ ದಿನವೇ ರೋಲರಿನ ವೇಗ ಹೆಚ್ಚಿಸಲು ಆದೇಶ ಬಂತು. ಕೆಳಗೆ ನಿನ್ನ ಸಹಿ. "ಬಟ್ಟೆ ಹೆಚ್ಚು ಬರಬಹುದು" ಎಂದು ಅಕ್ಕನಿಗೆ ಬರೆಯುವಾಗ ಆ ಹಾಳೆ ನಿನ್ನ ಮೇಜಿನ ಮೇಲೇ ಇದ್ದಿರಬೇಕು. ನನಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದೆ.

ಹೋದ ಗುರುವಾರ ಗುಬ್ಬಿಯ ಕೈ ಒಳಗೆ ಹೋಯಿತು.

ಅವಳು ಎರಡನೇ ರೋಲರಿನಲ್ಲಿದ್ದಳು. ಮಡಿಕೆ ಬಿದ್ದ ಬಟ್ಟೆಯ ಅಂಚನ್ನು ನೇರ ಮಾಡಲು ಕೈ ಚಾಚಿದಳು. ನಾವೆಲ್ಲ ಮಾಡುವುದೇ ಅದನ್ನು. ಹಿಂದಿನ ವೇಗದಲ್ಲಿ ಕೈ ಹಿಂದಕ್ಕೆ ಬರಲು ಸಮಯ ಸಿಗುತ್ತಿತ್ತು. ಕಂಬಿಗೆ ಬೆರಳು ತಾಗಿತು, ಯಂತ್ರ ನಿಲ್ಲಲಿಲ್ಲ. ಅವಳು ಕೂಗಲಿಲ್ಲ. "ಅಕ್ಕಾ" ಎಂದಳು, ಯಾರನ್ನೋ ಊಟಕ್ಕೆ ಕರೆಯುವ ಹಾಗೆ. ನಾನು ಕೆಂಪು ಗುಂಡಿ ಒತ್ತಿದೆ. ನೀನು ಕೇಳಿದ್ದೆಯಲ್ಲ, ನಿಲ್ಲಿಸಲು ನಿನ್ನನ್ನು ಯಾರು ಹಿಡಿದುಕೊಂಡಿದ್ದಾರೆ ಎಂದು. ನಿಲ್ಲಿಸಿದೆ. ರೋಲರ್ ಬಿಸಿಯಾಗಿಯೇ ಇತ್ತು. ಬಾಯ್ಲರ್ ಮಾಮ ಸಲಾಕೆ ಹಾಕಿ ರೋಲರನ್ನು ಮೇಲಕ್ಕೆ ಎತ್ತುವವರೆಗೆ ಅವಳ ಕೈ ಅಲ್ಲೇ ಇತ್ತು.

ಬಲಗೈ. ಮೂರು ಬೆರಳು ಉಳಿಯಲಿಲ್ಲ.

ಅವಳನ್ನು ಬಟ್ಟೆಯ ವ್ಯಾನಿನಲ್ಲಿ ಮಲಗಿಸಿ ಕರೆದುಕೊಂಡು ಹೋದೆವು. ಆಸ್ಪತ್ರೆಯಲ್ಲಿ ನಮ್ಮಲ್ಲೇ ಒಗೆದ ಹಾಸಿಗೆ ಬಟ್ಟೆಯ ಮೇಲೆ ಅವಳನ್ನು ಮಲಗಿಸಿದರು. ನಾನು ವಾಪಸು ಬಂದಾಗ ಚಿಕ್ಕ ಸಾಹೇಬ ಒಂದು ಹೇಳಿಕೆ ಟೈಪ್ ಮಾಡಿಸಿ ಇಟ್ಟಿದ್ದ. ಕೆಲಸಗಾರಳ ಅಜಾಗರೂಕತೆ. "ಇಲ್ಲೊಂದು ಸಹಿ ಹಾಕಿ, ಮೇಲಿಂದ ಕೇಳ್ತಿದಾರೆ" ಎಂದ. ಹಾಕುವುದಿಲ್ಲ ಎಂದೆ. "ಒಂದನೇ ರೋಲರ್ ಆದ್ರೂ ಓಡ್ಲಿ, ಲಾರಿ ಕಾಯ್ತಿದೆ" ಎಂದ. ಆಗ ನಾನು ಅದನ್ನೂ ನಿಲ್ಲಿಸಿದೆ. ಎಲ್ಲರೂ ಒದ್ದೆ ಬಟ್ಟೆಯ ಗುಡ್ಡೆಗಳ ಮೇಲೆ ಕೂತೆವು. ಇವತ್ತಿಗೂ ಕೂತಿದ್ದೇವೆ.

ನಿನ್ನಿಂದ ಒಂದು ಫೋನು ಬರಲಿಲ್ಲ. ಇಷ್ಟು ದಿನ ನೀನು ಮಧ್ಯದಲ್ಲೇ ಫೋನು ಇಡುತ್ತೀ ಎಂದು ಬೈಯುತ್ತಿದ್ದೆ. ಈಗ ನೀನು ಮಾಡುವುದನ್ನೇ ಬಿಟ್ಟೆ.

ಅಕ್ಕ


ಮಾರ್ಚ್ 24

ಗೆ,
ಮೇಲ್ವಿಚಾರಕಿ, ಇಸ್ತ್ರಿ ವಿಭಾಗ

ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ಮೇಲಧಿಕಾರಿಗಳ ಅನುಮತಿಯಿಲ್ಲದೆ ಯಂತ್ರಗಳನ್ನು ಸ್ಥಗಿತಗೊಳಿಸಿ, ಇತರ ಕೆಲಸಗಾರರನ್ನು ಪ್ರಚೋದಿಸಿದ ಕಾರಣಕ್ಕಾಗಿ, ವಿಚಾರಣೆ ಮುಗಿಯುವವರೆಗೆ ತಮ್ಮನ್ನು ಸೇವೆಯಿಂದ ಅಮಾನತಿನಲ್ಲಿಡಲಾಗಿದೆ. ಸಂಸ್ಥೆಯು ತನ್ನ ಸಿಬ್ಬಂದಿಯ ಕ್ಷೇಮಕ್ಕೆ ಸದಾ ಬದ್ಧವಾಗಿದೆ.

ವ್ಯವಸ್ಥಾಪಕರು

ಅಕ್ಕಾ, ಇದಕ್ಕೆ ನಾನು ಸಹಿ ಹಾಕದಿದ್ದರೆ ಇನ್ನೊಬ್ಬರು ಹಾಕುತ್ತಿದ್ದರು. ಕೆಲಸದಿಂದಲೇ ತೆಗೆಯಬೇಕೆಂದಿದ್ದರು, ಅಮಾನತಿಗೆ ಇಳಿಸಿದ್ದೇನೆ. ದಯವಿಟ್ಟು ಸ್ವಲ್ಪ ದಿನ ಸುಮ್ಮನಿರು.


ಮಾರ್ಚ್ 28

ತಮ್ಮನಿಗೆ,

ನಿನ್ನ ಕಚೇರಿಯ ಪತ್ರ ಬಂತು. 'ತಮಗೆ', 'ತಮ್ಮನ್ನು' ಎಂದು ಎಷ್ಟು ಗೌರವ. ನಿನ್ನ ಮೂಗು ಒರೆಸಿದವಳಿಗೆ ಇಷ್ಟು ಬಹುವಚನ ಬೇಕಿರಲಿಲ್ಲ.

ಗುಂಡಿ ಒತ್ತಲು ನಿನ್ನನ್ನು ಯಾರು ತಡೆದಿದ್ದಾರೆ ಎಂದು ಕೇಳಿದವನು ನೀನು. ಒತ್ತಿದ್ದಕ್ಕೆ ಮನೆಗೆ ಕಳಿಸಿದವನೂ ನೀನು. ಎರಡು ಪತ್ರವನ್ನೂ ಪಕ್ಕ ಪಕ್ಕ ಇಟ್ಟು ಓದಿದೆ. ಎರಡೂ ಒಂದೇ ಕೈ ಬರೆದದ್ದು ಎಂದು ನಂಬಲು ಕಷ್ಟವಾಯಿತು.

"ನಾನು ಹಾಕದಿದ್ದರೆ ಇನ್ನೊಬ್ಬರು ಹಾಕುತ್ತಿದ್ದರು" ಎಂದೆಯಲ್ಲ. ಹಾಕಲಿ. ಆ ಇನ್ನೊಬ್ಬನಿಗೆ ಗುಬ್ಬಿ ಗೊತ್ತಿಲ್ಲ. ನಿನಗೆ ಗೊತ್ತು. ನಿನಗೆ ಜ್ವರ ಬಂದ ದಿನ ನಿನ್ನ ಗಾಡಿಯನ್ನು ತಾನೇ ತಳ್ಳಿ, ನೀನು ಕೆಲಸದಲ್ಲಿದ್ದೀಯ ಎಂದು ಎಲ್ಲರ ಹತ್ತಿರ ಸುಳ್ಳು ಹೇಳಿದವಳು ಅವಳು. ಅವಳು ಕಾಳಜಿಗೆ ಸಪ್ತಾಹ ಮಾಡಲಿಲ್ಲ. ಸಿಕ್ಕಿಬಿದ್ದರೆ ಅವಳ ಕೆಲಸ ಹೋಗುತ್ತಿತ್ತು, ಆದರೂ ತಳ್ಳಿದಳು. ಒಬ್ಬರ ಮೇಲೆ ಕಾಳಜಿ ಇದೆ ಎಂದರೆ ಅವರಿಗಾಗಿ ನೀನು ಏನನ್ನಾದರೂ ಕಳೆದುಕೊಳ್ಳಲು ತಯಾರಿರಬೇಕು. ನೀನು ಇವತ್ತಿನವರೆಗೆ ಏನು ಕಳೆದುಕೊಂಡೆ? ಶಾಯಿ.

ಅಮಾನತಾದದ್ದರಿಂದ ನನಗೆ ಬಿಡುವಾಗಿದೆ. ದಿನಾ ಗುಬ್ಬಿಯ ಮನೆಗೆ ಹೋಗುತ್ತೇನೆ. ಅವಳ ತಲೆ ಬಾಚುತ್ತೇನೆ, ಜಡೆ ಹಾಕುತ್ತೇನೆ. ರವಿಕೆಯ ಗುಂಡಿ ಹಾಕಿಕೊಳ್ಳಲು ಎಡಗೈಗೆ ಇನ್ನೂ ಬರುವುದಿಲ್ಲ. ನಿನ್ನೆ ಜಡೆ ಹಾಕುವಾಗ ಕೇಳಿದಳು: "ಗಾಡಿ ತಮ್ಮ ಹೇಗಿದಾರೆ ಅಕ್ಕಾ?"

"ಇದಾನೆ" ಎಂದೆ.

"ಅವರಿಗೆ ವಿಷ್ಯ ಮುಟ್ಟಿಲ್ಲ ಅನ್ಸುತ್ತೆ. ಮುಟ್ಟಿದ್ರೆ ಓಡಿ ಬರ್ತಿದ್ರು. ಮೇಲಿನೋರು ಮುಚ್ಚಿಟ್ಟಿರ್ತಾರೆ."

ವೇಗದ ಆದೇಶಕ್ಕೆ ಯಾರ ಸಹಿ ಇತ್ತೆಂದು ಅವಳಿಗೆ ಗೊತ್ತಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅವಳ ಕೂದಲು ನನ್ನ ಕೈಯಲ್ಲಿತ್ತು, ಹೇಳದೆ ಜಡೆ ಹೆಣೆದೆ. ನಿನ್ನ ಮೇಲಿನ ಪ್ರೀತಿಯಿಂದ ಅಂದುಕೊಳ್ಳಬೇಡ. ಅವಳಿಂದ ಇನ್ನೊಂದನ್ನು ಕಿತ್ತುಕೊಳ್ಳಲು ನನಗೆ ಧೈರ್ಯ ಬರಲಿಲ್ಲ.

ಮುಂದೆ ನನಗೆ ಬರೆಯಬೇಡ.


ಏಪ್ರಿಲ್ 11

ಅಕ್ಕಾ,

ಬರೆಯಬೇಡ ಎಂದಿದ್ದೆ. ಇದೊಂದನ್ನು ಓದು, ಆಮೇಲೆ ನಿನ್ನಿಷ್ಟ.

ಗುಬ್ಬಿಯ ಸುದ್ದಿ ನನಗೆ ಅದೇ ದಿನ ಸಂಜೆ ಮುಟ್ಟಿತ್ತು. ಫೋನು ಕೈಯಲ್ಲಿ ಹಿಡಿದು ಕೂತಿದ್ದೆ. ಯಾರಿಗೂ ಮಾತಾಡಬೇಡಿ, ಮಾತಾಡಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದು ವಕೀಲರು ಹೇಳಿದರು. ಅವರು ತಡೆದರು ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ತಡೆಯಲಿ ಎಂದು ನಾನೂ ಕಾಯುತ್ತಿದ್ದೆ. ನೀನು ಫೋನೆತ್ತಿ "ಹೇಳು" ಎಂದಿದ್ದರೆ ನನ್ನ ಹತ್ತಿರ ಹೇಳಲು ಏನೂ ಇರುತ್ತಿರಲಿಲ್ಲ.

ನಿನ್ನ ಕಡೆಯ ಪತ್ರ ಓದಿದ ಮೇಲೆ ದೊಡ್ಡ ಸಾಹೇಬರ ಕೋಣೆಗೆ ಹೋದೆ. ಅಜಾಗರೂಕತೆ ಎಂಬ ಹೇಳಿಕೆಯನ್ನು ವಾಪಸು ತೆಗೆಯಬೇಕು, ರೋಲರ್ ಸರಿಯಾಗುವವರೆಗೆ ಘಟಕ ಮುಚ್ಚಬೇಕು ಎಂದೆ. ಅವರು ಕೂರಲು ಹೇಳಿ, ನನಗೇ ಮೊದಲು ಚಹಾ ತರಿಸಿದರು.

"ನಿಮಗೆ ಜನರ ಮೇಲೆ ಅಭಿಮಾನ ಇದೆ, ಅದಕ್ಕೇ ನಿಮ್ಮನ್ನ ಮೇಲೆ ತಂದದ್ದು" ಎಂದರು. "ಆದ್ರೆ ಕಂಬಿ ವಿಷ್ಯ ಯಾರಿಗೂ ಗೊತ್ತಿರ್ಲಿಲ್ಲ, ಅಲ್ವಾ?"

ಆ 'ಅಲ್ವಾ' ಎಂದದ್ದು ಪ್ರಶ್ನೆಯಾಗಿರಲಿಲ್ಲ. ಹೌದು ಎಂದಿದ್ದರೆ ನನ್ನ ಕುರ್ಚಿ ಉಳಿಯುತ್ತಿತ್ತು.

"ನನಗೆ ಗೊತ್ತಿತ್ತು. ಅಕ್ಕ ಕೇಳಿದಾಗಲೆಲ್ಲ ಮುಂದಿನ ವರ್ಷ ಅಂತ ದಾಟಿಸಿದೋನು ನಾನೇ" ಎಂದೆ.

ಅವರು ಚಹಾ ಪೂರ್ತಿ ಕುಡಿದರು. ಆಮೇಲೆ, "ಇದನ್ನ ಹೊರಗೆ ಹೇಳ್ಬೇಡಿ" ಎಂದರು. ನಾನು ಅಲ್ಲಿಂದ ನೇರವಾಗಿ ಕಾರ್ಖಾನೆ ತನಿಖಾಧಿಕಾರಿಯ ಕಚೇರಿಗೆ ಹೋಗಿ ಅದನ್ನೇ ಹೇಳಿದೆ. ಅವರು ನಿಮ್ಮಲ್ಲಿಗೆ ಬಂದು ಯಂತ್ರಗಳಿಗೆ ಮೊಹರು ಹಾಕಿದ್ದನ್ನು ನೀನು ಕೇಳಿರಬಹುದು. ಗುಬ್ಬಿಯ ತಪ್ಪಲ್ಲ ಎಂದು ಬರೆದುಕೊಂಡಿದ್ದಾರೆ. ಅವಳಿಗೆ ಬರಬೇಕಾದ ಪರಿಹಾರವನ್ನು ಸಂಸ್ಥೆ ಇನ್ನು ತಪ್ಪಿಸಲಾಗದು. ನಿನ್ನ ಅಮಾನತೂ ರದ್ದಾಗುತ್ತದೆ.

ನನ್ನನ್ನು ಮನೆಗೆ ಕಳಿಸಿದ್ದಾರೆ. ನಿನಗೆ ಕಳಿಸಿದ ಅದೇ ಒಕ್ಕಣೆ. ನನ್ನ ಮೇಲೆ ಮೊಕದ್ದಮೆಯೂ ಆಗಬಹುದು. ಆಗಬೇಕಾದದ್ದೇ. ಇದನ್ನು ದೊಡ್ಡಸ್ತಿಕೆಗೆ ಬರೆಯುತ್ತಿಲ್ಲ. ಒಂದು ಆದೇಶಕ್ಕೆ ಸಹಿ ಹಾಕದೆ ಇದ್ದಿದ್ದರೆ ಸಾಕಿತ್ತು, ಅದನ್ನು ಮಾಡಲಿಲ್ಲ.

ಗುಬ್ಬಿಯನ್ನು ನೋಡಬೇಕು. ಸಹಿ ನನ್ನದೆಂದು ನಾನೇ ಹೇಳಬೇಕು. ಬರಬಹುದೇ ಎಂದು ಅವಳನ್ನು ಕೇಳುತ್ತೀಯಾ? ಬೇಡ ಎಂದರೆ ಬರುವುದಿಲ್ಲ.

ತಮ್ಮ


ಏಪ್ರಿಲ್ 23

ತಮ್ಮಾ,

ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನೀನು ಮಾಡಿದ್ದು ಅದೇ. ಆದರೂ ಹಾಕಿದೆ. ಹಾಕದೆ ಇರುವವರನ್ನೇ ನಾನು ಜಾಸ್ತಿ ನೋಡಿದ್ದೇನೆ.

ಸೋಮವಾರ ನನ್ನನ್ನು ಕೆಲಸಕ್ಕೆ ಕರೆದರು. ಎರಡೂ ರೋಲರಿಗೆ ಹೊಸ ಕಂಬಿ ಬಂದಿದೆ. ಬಟ್ಟೆ ಹಾಕುವ ಮೊದಲು ಖಾಲಿ ರೋಲರ್ ಓಡಿಸಿ, ಎಲ್ಲರನ್ನೂ ಕರೆದು, ಒಬ್ಬೊಬ್ಬರ ಕೈಯಲ್ಲೂ ಕಂಬಿ ಮುಟ್ಟಿಸಿದೆ. ಮುಟ್ಟಿದಾಗಲೆಲ್ಲ ನಿಂತಿತು. ದೊಡ್ಡಮ್ಮನ ಮಗಳು ನಂಬಿಕೆ ಬರದೆ ಇನ್ನೊಮ್ಮೆ ಮುಟ್ಟಿ ನೋಡಿದಳು. ಬಾಯ್ಲರ್ ಮಾಮನೂ ಬಂದು ಮುಟ್ಟಿ, ಆ ಕಡೆ ತಿರುಗಿಕೊಂಡು ನಿಂತರು. ಚಿಕ್ಕ ಸಾಹೇಬ "ತಡ ಆಗ್ತಿದೆ" ಎಂದ. "ಆಗ್ಲಿ" ಎಂದೆವು, ಎಲ್ಲರೂ ಒಟ್ಟಿಗೆ.

ನನ್ನ ಸಿಟ್ಟು ಇಳಿದಿಲ್ಲ. ನಿನ್ನನ್ನೂ ಮನೆಗೆ ಕಳಿಸಿದರು ಎಂದು ಓದಿದಾಗ ಕನಿಕರ ಬಂತು. ಆ ಕನಿಕರದ ಮೇಲೂ ಸಿಟ್ಟು ಬಂತು. ನೀನು ಊಟ ಮಾಡುತ್ತಿದ್ದೀಯೋ ಇಲ್ಲವೋ ಎಂದು ಯೋಚಿಸುತ್ತೇನೆ, ಮರುಕ್ಷಣ ಗುಬ್ಬಿಯ ಕೈ ಕಣ್ಣ ಮುಂದೆ ಬರುತ್ತದೆ. ಇದು ಬೇಗ ಹೋಗುವ ಸಿಟ್ಟಲ್ಲ. ಹೋಗಲಿ ಎಂದು ನಾನು ಅವಸರ ಮಾಡುವುದೂ ಇಲ್ಲ.

ಗುಬ್ಬಿಯನ್ನು ಕೇಳಿದೆ. ಸಹಿಯ ವಿಷಯ ಹೇಳಲಿಲ್ಲ, ಅದು ನಿನ್ನ ಪಾಲಿನ ಕೆಲಸ. ನನ್ನ ಮುಖ ನೋಡಿಯೇ ಅವಳಿಗೆ ಏನೋ ಅರ್ಥವಾಗಿರಬೇಕು. ಆಮೇಲೆ ಹೇಳಿದಳು: "ಬರ್ಲಿ. ಊಟದ ಹೊತ್ತಿಗೆ ಮಾತ್ರ ಬೇಡ ಅಕ್ಕಾ. ಎಡಗೈಲಿ ತಿನ್ನೋವಾಗ ಎಲ್ಲಾ ಚೆಲ್ಲುತ್ತೆ. ಅವರು ನೋಡೋದು ಬೇಡ."

ಆದ್ದರಿಂದ ಮಧ್ಯಾಹ್ನ ದಾಟಿದ ಮೇಲೆ ಬಾ. ಒಬ್ಬನೇ ಬಾ. ಹೇಳಬೇಕಾದ್ದನ್ನು ನೇರವಾಗಿ ಹೇಳು, ಸುತ್ತಿ ಬಳಸಬೇಡ. ಕ್ಷಮಿಸು ಎಂದು ಮಾತ್ರ ಕೇಳಬೇಡ. ಕೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ.

ಅಕ್ಕ